ಹತ್ತು ವಾರ, ದಿನಕ್ಕೊಂದು ಗಂಟೆ: ಡ್ಯೂಟಿ ಮಾಡುತ್ತಲೇ ಎನ್‌ಕ್ಲೆಕ್ಸ್‌ಗೆ ಓದುವುದು ಹೇಗೆ?

ಪ್ರಶ್ನೆ: ನಾನು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ನಂತರ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಂಡು, ಎಂಟು ವರ್ಷಗಳಿಂದ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಅಮೆರಿಕದಲ್ಲಿ ನರ್ಸ್ ಆಗಿ ಕೆಲಸ ಮಾಡುವ ಪರವಾನಗಿಗೆ ಬೇಕಾದ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ ಬರೆಯಲು ಅನುಮತಿ ಪತ್ರ ಬಂದಿದೆ. ಹತ್ತು ವಾರಗಳೊಳಗೆ ಬರೆಯಬೇಕು. ಮೂರು ಪಾಳಿಯ ಡ್ಯೂಟಿ, ನಾಲ್ಕು ವರ್ಷದ ಮಗು, ಮನೆಗೆಲಸ ಎಲ್ಲ ಕಳೆದು ದಿನಕ್ಕೆ ಒಂದು ಗಂಟೆ ಉಳಿದರೆ ಹೆಚ್ಚು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಇಂಗ್ಲಿಷ್ ಪ್ರಶ್ನೆ ಓದುವುದು ನಿಧಾನ. ತರಬೇತಿ ಸಂಸ್ಥೆಯವರು ಕೊಟ್ಟ ನೋಟ್ಸ್ ಕಪಾಟು ತುಂಬ ಇದೆ. ಎಲ್ಲಿಂದ ಶುರು ಮಾಡಲಿ? ಓದುವುದಕ್ಕಾಗಿ ಕೆಲಸ ಬಿಡಬೇಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದನ್ನು ತೀರ್ಮಾನಿಸದೆ ನಿಮಗೆ ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ. ಕೆಲಸ ಬಿಡಬೇಡಿ. ಈ ಪರೀಕ್ಷೆ ಕೇಳುವುದು ದಿನವಿಡೀ ಮನೆಯಲ್ಲಿ ಕುಳಿತು ಗಟ್ಟಿ ಮಾಡುವ ವಿಷಯವನ್ನಲ್ಲ. ರೋಗಿಯ ಮುಂದೆ ನಿಂತಾಗ ನರ್ಸ್ ಮಾಡುವ ಯೋಚನೆಯನ್ನು. ಆ ಯೋಚನೆಯ ಅಭ್ಯಾಸ ನಿಮಗೆ ಪ್ರತಿ ಪಾಳಿಯಲ್ಲೂ ಆಗುತ್ತಿದೆ. ಸಂಬಳ ನಿಂತರೆ ಮನೆಯಲ್ಲಿ ಹುಟ್ಟುವ ಚಿಂತೆ, ಬಿಡುವಿನಿಂದ ಸಿಗುವ ಸಮಯದ ಅರ್ಧವನ್ನು ತಿಂದುಹಾಕುತ್ತದೆ ಎಂಬುದನ್ನು ನನ್ನ ವಿದ್ಯಾರ್ಥಿನಿಯರಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದರೆ ಪರೀಕ್ಷೆಗೆ ಮುಂಚಿನ ಐದಾರು ದಿನಗಳ ರಜೆಯನ್ನು ಈಗಲೇ ನಿಮ್ಮ ಇನ್‌ಚಾರ್ಜ್ ಸಿಸ್ಟರ್ ಬಳಿ ಕೇಳಿಡಿ; ಸಾಧ್ಯವಾದರೆ ಪರೀಕ್ಷೆಯ ಹಿಂದಿನ ಎರಡು ವಾರ ನೈಟ್ ಡ್ಯೂಟಿ ಹಾಕದಂತೆ, ಅದಕ್ಕೆ ಬದಲಾಗಿ ಮೊದಲ ವಾರಗಳಲ್ಲಿ ಹೆಚ್ಚು ನೈಟ್ ಮಾಡುವುದಾಗಿ ಒಪ್ಪಂದ ಮಾಡಿಕೊಳ್ಳಿ.

ಈಗ ಸಮಯದ ಲೆಕ್ಕಕ್ಕೆ ಬರೋಣ. ಡ್ಯೂಟಿಯ ದಿನ ಒಂದು ಗಂಟೆಯಂತೆ ಆರು ದಿನ, ವಾರದ ರಜೆಯಲ್ಲಿ ನಾಲ್ಕು ಗಂಟೆ. ಹೀಗೆ ವಾರಕ್ಕೆ 10 ಗಂಟೆ, ಹತ್ತು ವಾರಕ್ಕೆ 100 ಗಂಟೆ. ಮಗುವಿಗೆ ಜ್ವರ ಬರುವ ದಿನ, ಡಬಲ್ ಡ್ಯೂಟಿ ಬೀಳುವ ದಿನ, ನೆಂಟರು ಬರುವ ದಿನ ಇವನ್ನೆಲ್ಲ ಕಳೆದು 85 ಗಂಟೆ ಎಂದಿಟ್ಟುಕೊಳ್ಳಿ. ಇದರಲ್ಲಿ 60 ಗಂಟೆಯನ್ನು ಪ್ರಶ್ನೆಗಳನ್ನು ಬಿಡಿಸುವುದಕ್ಕೂ ಅವುಗಳ ವಿವರಣೆ ಓದುವುದಕ್ಕೂ ಇಡಿ, ಉಳಿದ 25 ಗಂಟೆಯನ್ನು ಮಾತ್ರ ಪಾಠ ಓದುವುದಕ್ಕೆ ಇಡಿ. ಒಂದು ಪ್ರಶ್ನೆಗೆ ವಿವರಣೆಯೂ ಸೇರಿ ಸರಾಸರಿ ನಾಲ್ಕು ನಿಮಿಷ ಹಿಡಿದರೆ 60 ಗಂಟೆಯಲ್ಲಿ 900 ಪ್ರಶ್ನೆಗಳಾಗುತ್ತವೆ. ಮೂರು ಸಾವಿರ ಪ್ರಶ್ನೆ ಮಾಡಿದೆವೆಂದು ಹೇಳುವವರನ್ನು ಕಂಡು ಹೆದರಬೇಡಿ. ವಿವರಣೆ ಓದದೆ ಮಾಡಿದ ಮೂರು ಸಾವಿರಕ್ಕಿಂತ, ಪ್ರತಿ ಆಯ್ಕೆ ಏಕೆ ಸರಿ ಅಥವಾ ಏಕೆ ತಪ್ಪು ಎಂದು ತಿಳಿದು ಮಾಡಿದ 900 ನಿಮ್ಮನ್ನು ಮುಂದೆ ಒಯ್ಯುತ್ತದೆ. ಕಪಾಟಿನ ನೋಟ್ಸ್ ಅಲ್ಲೇ ಇರಲಿ. ಪ್ರಶ್ನೆಯೊಂದು ತಪ್ಪಿದಾಗ ಆ ವಿಷಯದ ಪುಟವನ್ನಷ್ಟೇ ತೆರೆಯಿರಿ; ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವಷ್ಟು ಕಾಲ ನಿಮಗಿಲ್ಲ, ಅದರ ಅಗತ್ಯವೂ ಇಲ್ಲ.

ಪರೀಕ್ಷೆಯ ಸ್ವರೂಪ ತಿಳಿದಿದ್ದರೆ ಈ ಹಂಚಿಕೆಯ ಕಾರಣ ಅರ್ಥವಾಗುತ್ತದೆ. ಎನ್‌ಕ್ಲೆಕ್ಸ್ ಅನ್ನು ರೂಪಿಸುವುದು ಅಮೆರಿಕದ ರಾಜ್ಯಗಳ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟವಾದ ಎನ್‌ಸಿಎಸ್‌ಬಿಎನ್. 1994ರಿಂದ ಇದು ಕಂಪ್ಯೂಟರಿನಲ್ಲಿ, ಅಭ್ಯರ್ಥಿಯ ಸಾಮರ್ಥ್ಯಕ್ಕೆ ತಕ್ಕಂತೆ ಬದಲಾಗುವ ಪರೀಕ್ಷೆಯಾಗಿ ನಡೆಯುತ್ತಿದೆ. ನೀವು ಸರಿ ಉತ್ತರ ಕೊಟ್ಟರೆ ಮುಂದಿನದು ತುಸು ಕಠಿಣವಾಗುತ್ತದೆ, ತಪ್ಪಿದರೆ ತುಸು ಸುಲಭವಾಗುತ್ತದೆ. ಹೀಗೆ ಕಂಪ್ಯೂಟರ್ ನಿಮಗೆ ಸರಿಯಾಗಲೂ ತಪ್ಪಾಗಲೂ ಸರಿಸುಮಾರು ಸಮಾನ ಅವಕಾಶವಿರುವ ಪ್ರಶ್ನೆಗಳನ್ನೇ ಹುಡುಕಿ ಕೊಡುತ್ತಿರುತ್ತದೆ. ಆದ್ದರಿಂದ ಎಷ್ಟೇ ಚೆನ್ನಾಗಿ ಓದಿದವರಿಗೂ ಪರೀಕ್ಷೆ ಉದ್ದಕ್ಕೂ ಕಷ್ಟವೆನಿಸುತ್ತದೆ, ಮತ್ತು ಆ ಅನಿಸಿಕೆಯಿಂದ ಫಲಿತಾಂಶವನ್ನು ಊಹಿಸಲಾಗದು. ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳಿರುತ್ತವೆ, ಒಟ್ಟು ಅವಧಿ ಐದು ಗಂಟೆ. ಇವುಗಳಲ್ಲಿ 15 ಪ್ರಶ್ನೆಗಳಿಗೆ ಅಂಕವಿರುವುದಿಲ್ಲ, ಆದರೆ ಅವು ಯಾವುವೆಂದು ನಿಮಗೆ ಗೊತ್ತಾಗದು. ನಿಮ್ಮ ಸಾಮರ್ಥ್ಯ ಉತ್ತೀರ್ಣ ಮಟ್ಟಕ್ಕಿಂತ ಮೇಲಿದೆ ಅಥವಾ ಕೆಳಗಿದೆ ಎಂದು ಶೇ 95ರಷ್ಟು ಖಚಿತವಾದ ಕ್ಷಣ ಪರೀಕ್ಷೆ ನಿಲ್ಲುತ್ತದೆ. 85ಕ್ಕೆ ನಿಂತರೆ ಪಾಸು, 150ರವರೆಗೆ ಹೋದರೆ ಫೇಲು ಎಂದು ಹಾಸ್ಟೆಲುಗಳಲ್ಲಿ ಹರಡಿರುವ ಮಾತನ್ನು ನಂಬಬೇಡಿ. 85ಕ್ಕೆ ನಿಂತು ಅನುತ್ತೀರ್ಣರಾದವರೂ ಇದ್ದಾರೆ, 150ನೆಯದನ್ನು ಮುಗಿಸಿ ಉತ್ತೀರ್ಣರಾದವರೂ ಇದ್ದಾರೆ.

ಯಾವ ವಿಷಯಕ್ಕೆ ಎಷ್ಟು ತೂಕ ಎಂಬುದನ್ನು ಎನ್‌ಸಿಎಸ್‌ಬಿಎನ್ ತಾನೇ ಪ್ರಕಟಿಸುತ್ತದೆ, ಆ ಪರೀಕ್ಷಾ ಯೋಜನೆ ಉಚಿತವಾಗಿ ಸಿಗುತ್ತದೆ. ಅದು ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುವುದರಿಂದ ನಿಮ್ಮ ಪರೀಕ್ಷೆಯ ದಿನಕ್ಕೆ ಅನ್ವಯಿಸುವ ಪ್ರತಿಯನ್ನೇ ಇಳಿಸಿಕೊಳ್ಳಿ. 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಯೋಜನೆಯಲ್ಲಿ ಅತಿ ಹೆಚ್ಚಿನ ತೂಕ ಇದ್ದದ್ದು ಮ್ಯಾನೇಜ್‌ಮೆಂಟ್ ಆಫ್ ಕೇರ್ ವಿಭಾಗಕ್ಕೆ, ಶೇ 15ರಿಂದ 21. ಅದರ ನಂತರ ಔಷಧಗಳು ಮತ್ತು ಐವಿ ಚಿಕಿತ್ಸೆ ಶೇ 13ರಿಂದ 19. ದೇಹಸ್ಥಿತಿ ಕೆಟ್ಟ ರೋಗಿಗಳ ಆರೈಕೆ ಶೇ 11ರಿಂದ 17. ಸುರಕ್ಷತೆ ಮತ್ತು ಸೋಂಕು ತಡೆ ಶೇ 10ರಿಂದ 16. ಐಸಿಯುನಲ್ಲಿ ಎಂಟು ವರ್ಷ ಕಳೆದ ನಿಮಗೆ ಮೂರನೆಯದು ಕೈವಶವಾಗಿದೆ. ಮೊದಲನೆಯದು, ಅಂದರೆ ಯಾರಿಗೆ ಯಾವ ಕೆಲಸ ವಹಿಸಬೇಕು, ಯಾವ ರೋಗಿಯನ್ನು ಮೊದಲು ನೋಡಬೇಕು, ರೋಗಿಯ ಕಾನೂನುಬದ್ಧ ಹಕ್ಕುಗಳೇನು ಎಂಬುದು ನಿಮಗೆ ಗೊತ್ತಿದೆ ಎಂದೆನಿಸಿದರೂ, ಆ ಪರೀಕ್ಷೆ ಕೇಳುವ ರೀತಿಯಲ್ಲಿ ಬಹುಶಃ ಗೊತ್ತಿಲ್ಲ.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ನನ್ನದೇ ಅನುಭವ ಕಾರಣ. ನಾನು ಮೊದಲ ಸಲ ಬರೆದಾಗ ಉತ್ತೀರ್ಣಳಾಗಲಿಲ್ಲ. ಆಗ ನನಗೂ ಐಸಿಯು ಅನುಭವವಿತ್ತು, ವೆಂಟಿಲೇಟರ್ ಮತ್ತು ಎಬಿಜಿ (ಅಪಧಮನಿಯ ರಕ್ತದ ಅನಿಲಗಳ ಪರೀಕ್ಷೆ) ಪ್ರಶ್ನೆಗಳು ಬಂದಾಗ ಸಂತೋಷಪಡುತ್ತಿದ್ದೆ. ಅನುತ್ತೀರ್ಣರಾದವರಿಗೆ ಪ್ರತಿ ವಿಭಾಗದಲ್ಲೂ ಅವರು ಉತ್ತೀರ್ಣ ಮಟ್ಟಕ್ಕಿಂತ ಮೇಲಿದ್ದಾರೆಯೇ, ಹತ್ತಿರವಿದ್ದಾರೆಯೇ, ಕೆಳಗಿದ್ದಾರೆಯೇ ಎಂದು ತಿಳಿಸುವ ವರದಿ ಬರುತ್ತದೆ. ನನ್ನ ವರದಿಯಲ್ಲಿ ಮ್ಯಾನೇಜ್‌ಮೆಂಟ್ ಆಫ್ ಕೇರ್ ಮತ್ತು ಮನೋಸಾಮಾಜಿಕ ವಿಭಾಗ ಎರಡೂ ಕೆಳಗಿದ್ದವು. ಎಷ್ಟೋ ವರ್ಷ ವಾರ್ಡು ನಡೆಸಿದ ನನಗೆ ಅದು ನೋವು ತಂದಿತು. ಪ್ರಶ್ನೆಗಳನ್ನು ಮತ್ತೆ ಮಾಡುತ್ತ ಹೋದಾಗ ತಿಳಿಯಿತು: ನಾನು ನಮ್ಮ ವಾರ್ಡಿನಲ್ಲಿ ಮಾಡುತ್ತಿದ್ದುದನ್ನೇ ಉತ್ತರವಾಗಿ ಬರೆಯುತ್ತಿದ್ದೆ, ಅವರು ಕೇಳುತ್ತಿದ್ದುದು ಅಮೆರಿಕದ ವಾರ್ಡನ್ನು.

ಆ ವ್ಯತ್ಯಾಸಗಳನ್ನು ನಿಮಗೆ ಬಿಡಿಸಿ ಹೇಳುತ್ತೇನೆ, ನಿಮ್ಮ 25 ಗಂಟೆಯ ಓದಿನಲ್ಲಿ ಮೊದಲ ಎಂಟು ಗಂಟೆ ಇದಕ್ಕೇ ಹೋಗಲಿ. ಮೊದಲನೆಯದು ಕೆಲಸ ವಹಿಸುವುದು. ನಮ್ಮಲ್ಲಿ ರೋಗಿಯ ಮೈ ಒರೆಸುವುದು ಆಯಾ ಅಥವಾ ರೋಗಿಯ ಕಡೆಯವರು, ಉಳಿದದ್ದೆಲ್ಲ ಸಿಸ್ಟರ್. ಅಲ್ಲಿ ಮೂರು ಹಂತಗಳಿವೆ. ನೋಂದಾಯಿತ ನರ್ಸ್ ಆದ ಆರ್‌ಎನ್. ಆಕೆಯ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ, ಕಡಿಮೆ ಅವಧಿಯ ತರಬೇತಿ ಪಡೆದ ಎಲ್‌ಪಿಎನ್. ಪರವಾನಗಿಯಿಲ್ಲದ ಸಹಾಯಕರಾದ ಯುಎಪಿ. ಸಹಾಯಕರಿಗೆ ಸ್ನಾನ ಮಾಡಿಸುವುದು, ನಡೆದಾಡಿಸುವುದು, ಇನ್‌ಟೇಕ್ ಔಟ್‌ಪುಟ್, ಅಂದರೆ ದೇಹಕ್ಕೆ ಹೋದ ಮತ್ತು ಹೊರಬಂದ ದ್ರವದ ಲೆಕ್ಕ ಬರೆಯುವುದು, ಸ್ಥಿರವಾಗಿರುವ ರೋಗಿಯ ನಾಡಿ, ಬಿ.ಪಿ., ಜ್ವರದಂಥ ವೈಟಲ್ಸ್ ತೆಗೆಯುವುದು ಇಂಥವನ್ನು ಕೊಡಬಹುದು. ಎಲ್‌ಪಿಎನ್‌ಗೆ ಸ್ಥಿರವಾದ, ಮುಂದೇನಾಗುತ್ತದೆಂದು ಊಹಿಸಬಹುದಾದ ರೋಗಿಯ ಮಾತ್ರೆ, ಡ್ರೆಸ್ಸಿಂಗ್ ಇವನ್ನು ವಹಿಸಬಹುದು. ಆದರೆ ಮೊದಲ ತಪಾಸಣೆ, ರೋಗಿಗೆ ಮೊದಲ ಬಾರಿ ತಿಳಿವಳಿಕೆ ಕೊಡುವುದು, ಚಿಕಿತ್ಸೆಯ ಫಲವನ್ನು ಅಳೆಯುವುದು, ಅಸ್ಥಿರ ರೋಗಿ, ಈಗಷ್ಟೇ ಆಪರೇಷನ್ ಥಿಯೇಟರಿನಿಂದ ಬಂದ ರೋಗಿ, ಇವೆಲ್ಲ ಆರ್‌ಎನ್‌ನ ಕೈಬಿಟ್ಟು ಹೋಗಬಾರದು. ಕೆಲಸ ವಹಿಸಿದ ಮೇಲೂ ಹೊಣೆ ಆಕೆಯದೇ. ಈ ಸಾಲುಗಳನ್ನು ನಿಯಮವಾಗಿ ಬಾಯಿಪಾಠ ಮಾಡುವ ಬದಲು, ನಾಳೆಯ ಡ್ಯೂಟಿಯಲ್ಲಿ ಒಂದೊಂದು ಕೆಲಸ ಮಾಡುವಾಗಲೂ ‘ಇದನ್ನು ಅಲ್ಲಿ ಯಾರಿಗೆ ಕೊಡುತ್ತಿದ್ದೆ?’ ಎಂದು ಕೇಳಿಕೊಳ್ಳಿ. ಒಂದೇ ವಾರದಲ್ಲಿ ವಿಷಯ ಕೈಗೆ ಹತ್ತುತ್ತದೆ.

ಎರಡನೆಯದು, ಡಾಕ್ಟರಿಗೆ ಹೇಳುವುದು. ನಮ್ಮ ಆಸ್ಪತ್ರೆಗಳಲ್ಲಿ ಡ್ಯೂಟಿ ಡಾಕ್ಟರ್ ಹತ್ತು ಹೆಜ್ಜೆ ದೂರದಲ್ಲಿರುತ್ತಾರೆ, ಅನುಮಾನ ಬಂದ ಕೂಡಲೇ ಕರೆಯುತ್ತೇವೆ. ಪರೀಕ್ಷೆಯಲ್ಲಿ ಡಾಕ್ಟರಿಗೆ ತಿಳಿಸುವ ಆಯ್ಕೆ ಕಂಡೊಡನೆ ಅದನ್ನು ಒತ್ತಬೇಡಿ. ಅದಕ್ಕೆ ಮುಂಚೆ ನರ್ಸ್ ತಾನೇ ನೋಡಿ ತಿಳಿಯಬೇಕಾದದ್ದು ಅಥವಾ ತಾನೇ ಮಾಡಬೇಕಾದದ್ದು ಏನಾದರೂ ಉಳಿದಿದೆಯೇ ಎಂದು ನೋಡಿ. ಆಪರೇಷನ್ನಿನ ಎರಡನೆಯ ದಿನ ರೋಗಿಗೆ ಏಕಾಏಕಿ ಉಸಿರಾಟದ ಕಷ್ಟ, ಆಕ್ಸಿಜನ್ ಮಟ್ಟ ಶೇ 86 ಎಂದಿದ್ದರೆ, ತಲೆಭಾಗ ಎತ್ತರಿಸಿ ಆಕ್ಸಿಜನ್ ಕೊಡುವುದು ಮೊದಲು, ಫೋನ್ ಆಮೇಲೆ. ಹೆರಿಗೆ ನೋವಿನಲ್ಲಿರುವ ತಾಯಿಗೆ ಆಕ್ಸಿಟೋಸಿನ್ ಹೋಗುತ್ತಿರುವಾಗ ಮಗುವಿನ ಹೃದಯ ಬಡಿತದಲ್ಲಿ ಲೇಟ್ ಡಿಸಲರೇಷನ್, ಅಂದರೆ ಪ್ರತಿ ನೋವಿನ ಹಿಂದೆ ತಡವಾಗಿ ಬಡಿತ ಇಳಿಯುವುದು ಕಂಡರೆ, ಆಕ್ಸಿಟೋಸಿನ್ ನಿಲ್ಲಿಸಿ ತಾಯಿಯನ್ನು ಮಗ್ಗುಲಿಗೆ ಹೊರಳಿಸುವುದು ಮೊದಲು. ಆದರೆ ಅಗತ್ಯ ಮಾಹಿತಿಯೆಲ್ಲ ಪ್ರಶ್ನೆಯಲ್ಲೇ ಇದ್ದು, ನರ್ಸ್ ಮಾಡಬಹುದಾದದ್ದೂ ಮುಗಿದಿದ್ದರೆ, ಡಾಕ್ಟರಿಗೆ ತಿಳಿಸುವುದೇ ಸರಿ ಉತ್ತರ. ಇಲ್ಲಿ ಸೂತ್ರವಿಲ್ಲ, ಪ್ರಶ್ನೆಯಲ್ಲಿ ರೋಗಿ ಯಾವ ಘಟ್ಟದಲ್ಲಿದ್ದಾನೆಂದು ಗುರುತಿಸುವುದೇ ಕೌಶಲ.

ಮೂರನೆಯದು, ಯಾರನ್ನು ಮೊದಲು ನೋಡಬೇಕೆಂಬುದು. ಹ್ಯಾಂಡೋವರ್ ಮುಗಿದಿದೆ, ನಿಮ್ಮ ಪಾಲಿಗೆ ನಾಲ್ವರು ಬಂದಿದ್ದಾರೆಂದು ಊಹಿಸಿ: ಆಕ್ಸಿಜನ್ ಮಟ್ಟ ಶೇ 90 ಇರುವ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿ, ಸಕ್ಕರೆ 180 ಇರುವ ಮಧುಮೇಹಿ, ಮೂಳೆ ಮುರಿದು ನೋವು ಹತ್ತಕ್ಕೆ ಆರು ಎನ್ನುವವರು, ಮತ್ತು ಥೈರಾಯ್ಡ್ ಆಪರೇಷನ್ ಆಗಿ, ಬಾಯಿಯ ಸುತ್ತ ಜುಮುಗುಡುತ್ತಿದೆ ಎನ್ನುವ ಮಹಿಳೆ. ಸಂಖ್ಯೆ ನೋಡಿದರೆ ಸಿಒಪಿಡಿ ರೋಗಿಯ ಕಡೆ ಕಣ್ಣು ಹೋಗುತ್ತದೆ, ಆದರೆ ಆತನ ಕಾಯಿಲೆಗೆ ಆ ಮಟ್ಟ ನಿರೀಕ್ಷಿತವೇ. ಥೈರಾಯ್ಡ್ ಜೊತೆ, ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗೆ ಪೆಟ್ಟು ಬಿದ್ದು ಕ್ಯಾಲ್ಸಿಯಂ ಇಳಿಯುತ್ತಿರುವ ಮಹಿಳೆಗೆ ಗಂಟಲಿನ ಸೆಳೆತದಿಂದ ಉಸಿರಿನ ದಾರಿಯೇ ಮುಚ್ಚಿಹೋಗಬಹುದು. ಹೊಸದಾಗಿ ಕಂಡದ್ದು, ನಿರೀಕ್ಷಿಸದೆ ಬಂದದ್ದು, ಹಳೆಯ ಮತ್ತು ನಿರೀಕ್ಷಿತ ತೊಂದರೆಗಿಂತ ಮುಂದೆ ನಿಲ್ಲುತ್ತದೆ. ಇಂಥ ಪ್ರಶ್ನೆ ತಪ್ಪಾದಾಗಲೆಲ್ಲ ‘ಇದು ಈ ಕಾಯಿಲೆಯಲ್ಲಿ ಇರಬೇಕಾದದ್ದೇ, ಹೊಸದೇ?’ ಎಂದು ಪ್ರತಿ ಆಯ್ಕೆಯ ಪಕ್ಕದಲ್ಲೂ ಬರೆದು ನೋಡಿ.

ನಾಲ್ಕನೆಯದರ ಬಗ್ಗೆ ನನಗೆ ವಿಶೇಷ ಕಾಳಜಿ ಇದೆ, ಏಕೆಂದರೆ ನಮ್ಮ ಒಳ್ಳೆಯತನವೇ ಅಲ್ಲಿ ನಮಗೆ ಅಡ್ಡ ಬರುತ್ತದೆ. ‘ನಾಳೆ ಆಪರೇಷನ್ನಿಂದ ಎದ್ದು ಬರುತ್ತೇನೋ ಇಲ್ಲವೋ ಸಿಸ್ಟರ್’ ಎಂದು ಅಜ್ಜಿಯೊಬ್ಬರು ಹೇಳಿದರೆ ನಾವು ಕೈ ಹಿಡಿದು ‘ಏನೂ ಆಗಲ್ಲ ಅಜ್ಜಿ, ದೇವರಿದ್ದಾನೆ, ದೊಡ್ಡ ಡಾಕ್ಟರೇ ಮಾಡ್ತಿದ್ದಾರೆ’ ಎನ್ನುತ್ತೇವೆ. ಪರೀಕ್ಷೆಯ ದೃಷ್ಟಿಯಲ್ಲಿ ಅದು ಸುಳ್ಳು ಭರವಸೆ. ರೋಗಿಯ ಭಯವನ್ನು ಹೊರಗೆ ಬರಗೊಡದೆ ಮುಚ್ಚಿಬಿಡುವ ಮಾತು. ‘ನಾಳಿನ ಆಪರೇಷನ್ ಬಗ್ಗೆ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಏನು, ಹೇಳಿ’ ಎಂಬ ಅರ್ಥದ ಆಯ್ಕೆ ಸರಿ. ಹಾಗೆಯೇ, ಕ್ಯಾನ್ಸರ್ ಎಂದು ಮಗನಿಗೆ ಹೇಳಿ ಅಪ್ಪನಿಗೆ ಮುಚ್ಚಿಡುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿ ಪ್ರಜ್ಞೆಯಿರುವ ವಯಸ್ಕ ರೋಗಿಯ ಅನುಮತಿಯಿಲ್ಲದೆ ಮಗನಿಗೆ ಒಂದು ಮಾತೂ ಹೇಳುವಂತಿಲ್ಲ. ಒಪ್ಪಿಗೆ ಪತ್ರಕ್ಕೆ ಮನೆಯವರ ಸಹಿ ಹಾಕಿಸಿ ಫೈಲಿಗೆ ಸೇರಿಸುವುದು ನಮ್ಮ ರೂಢಿ. ಅಲ್ಲಿ ಆಪರೇಷನ್ನಿನ ಲಾಭ, ಅಪಾಯ ವಿವರಿಸುವುದು ಸರ್ಜನ್ ಕರ್ತವ್ಯ, ಸಹಿ ರೋಗಿಯದು, ನರ್ಸ್ ಆ ಸಹಿಗೆ ಸಾಕ್ಷಿ. ರೋಗಿ ‘ನನಗೆ ಸರಿಯಾಗಿ ಅರ್ಥವಾಗಲಿಲ್ಲ’ ಎಂದರೆ ನರ್ಸ್ ತಾನೇ ವಿವರಿಸಲು ಹೋಗದೆ ಸರ್ಜನ್‌ರನ್ನು ಮತ್ತೆ ಕರೆಸಬೇಕು.

ಇನ್ನು ಔಷಧಗಳು. ನಿಮಗೆ ಗೊತ್ತಿರುವ ಔಷಧವೇ ಬೇರೆ ಹೆಸರಿನಲ್ಲಿ ಬಂದು ಮೋಸ ಮಾಡಬಾರದು. ನಮ್ಮ ಪ್ಯಾರಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಸಾಲ್ಬುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್, ಅಡ್ರಿನಾಲಿನ್ ಅಲ್ಲಿ ಎಪಿನೆಫ್ರಿನ್, ನಾರ್‌ಅಡ್ರಿನಾಲಿನ್ ಅಲ್ಲಿ ನಾರ್‌ಎಪಿನೆಫ್ರಿನ್, ಪೆಥಿಡಿನ್ ಅಲ್ಲಿ ಮೆಪೆರಿಡಿನ್, ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬ್ಯುರೈಡ್. ಕಂಪನಿಯ ಹೆಸರಿನಿಂದ ಔಷಧ ನೆನಪಿಡುವ ವಾರ್ಡಿನ ಅಭ್ಯಾಸವನ್ನು ಈ ಹತ್ತು ವಾರ ಬಿಡಿ. ಇಂಡೆಂಟ್ ಬರೆಯುವಾಗಲೇ ಜನರಿಕ್ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ಎಲ್ಲ ಔಷಧ ಓದಲು ಹೋಗಬೇಡಿ. ತಪ್ಪಿದರೆ ಜೀವಕ್ಕೆ ಅಪಾಯವಿರುವವನ್ನು ಆರಿಸಿಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮತ್ತು ಅದರ ಪರಿಣಾಮ ಅಳೆಯುವ ಐಎನ್‌ಆರ್ 2ರಿಂದ 3, ರಕ್ತದಲ್ಲಿ ಲಿಥಿಯಂ ಮಟ್ಟ 0.6ರಿಂದ 1.2, 1.5 ದಾಟಿದರೆ ವಿಷ. ಡಿಜಾಕ್ಸಿನ್ ಕೊಡುವ ಮುಂಚೆ ಒಂದು ನಿಮಿಷ ಪೂರ್ತಿ ಏಪಿಕಲ್ ಪಲ್ಸ್ (ಎದೆಯ ಮೇಲೆ ಕೇಳಿ ಎಣಿಸುವ ಹೃದಯ ಬಡಿತ), ಜೊತೆಗೆ ಪೊಟ್ಯಾಸಿಯಂ ಇಳಿದಿದ್ದರೆ ವಿಷವೇರುವ ಅಪಾಯ. ಮೆಗ್ನೀಸಿಯಂ ಸಲ್ಫೇಟ್ ಹೋಗುತ್ತಿರುವ ಗರ್ಭಿಣಿಯ ಮಂಡಿಯ ರಿಫ್ಲೆಕ್ಸ್, ಉಸಿರಾಟ, ಮೂತ್ರದ ಪ್ರಮಾಣ, ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್. ಇನ್ಸುಲಿನ್ ಬಗೆಗಳು, ಹೆಪಾರಿನ್, ಓಪಿಯಾಯ್ಡ್‌ಗಳು. ಇಷ್ಟು ಗಟ್ಟಿಯಾದರೆ ಔಷಧ ವಿಭಾಗದ ಬೆನ್ನೆಲುಬು ಸಿಕ್ಕಂತೆ.

ಡೋಸ್ ಲೆಕ್ಕದಲ್ಲಿ ತೂಕ ಪೌಂಡಿನಲ್ಲಿ ಬರಬಹುದು. 154 ಪೌಂಡ್ ತೂಕದ ರೋಗಿಗೆ ಗಂಟೆಗೆ ಕೆ.ಜಿ.ಗೆ 18 ಯೂನಿಟ್ ಹೆಪಾರಿನ್ ಕೊಡಬೇಕು, ಬ್ಯಾಗಿನಲ್ಲಿ 500 ಮಿ.ಲೀ.ಗೆ 25,000 ಯೂನಿಟ್ ಇದೆ ಎನ್ನೋಣ. 154ನ್ನು 2.2ರಿಂದ ಭಾಗಿಸಿದರೆ 70 ಕೆ.ಜಿ.; 70 ಗುಣಿಸು 18, ಗಂಟೆಗೆ 1,260 ಯೂನಿಟ್; ಒಂದು ಮಿ.ಲೀ.ಯಲ್ಲಿ 50 ಯೂನಿಟ್ ಇರುವುದರಿಂದ ಪಂಪ್ ಗಂಟೆಗೆ 25.2 ಮಿ.ಲೀ. ದಿನಕ್ಕೊಂದು ಇಂಥ ಲೆಕ್ಕ ಮಾಡಿ, ಸಾಕು. ಪರದೆಯ ಮೇಲೆಯೇ ಕ್ಯಾಲ್ಕ್ಯುಲೇಟರ್ ಇರುತ್ತದೆ. ಎಷ್ಟನೆಯ ದಶಮಾಂಶಕ್ಕೆ ಉತ್ತರ ಕೇಳಿದ್ದಾರೆ ಎಂಬುದನ್ನು ಮಾತ್ರ ತಪ್ಪದೆ ನೋಡಿ.

2023ರ ಏಪ್ರಿಲ್‌ನಿಂದ ಬಂದಿರುವ ಹೊಸ ಬಗೆಯ ಪ್ರಶ್ನೆಗಳ ಬಗ್ಗೆ ತರಬೇತಿ ಸಂಸ್ಥೆಗಳು ಬಹಳ ಹೆದರಿಸುತ್ತವೆ. ಪ್ರತಿಯೊಬ್ಬರಿಗೂ ಅಂಕವಿರುವ ಮೂರು ಕೇಸ್ ಸ್ಟಡಿಗಳು ಬರುತ್ತವೆ, ಒಂದೊಂದರಲ್ಲೂ ಒಂದೇ ರೋಗಿಯ ಬಗ್ಗೆ ಆರು ಪ್ರಶ್ನೆಗಳು. ಆ ಆರೂ ಒಂದು ಕ್ರಮದಲ್ಲಿ ಸಾಗುತ್ತವೆ: ಯಾವ ಲಕ್ಷಣ ಗಮನಿಸಬೇಕಾದದ್ದು, ಅದರ ಅರ್ಥವೇನು, ಇರಬಹುದಾದ ತೊಂದರೆಗಳಲ್ಲಿ ಯಾವುದು ಮುಖ್ಯ, ಏನೇನು ಮಾಡಬಹುದು, ಈಗ ಏನು ಮಾಡುತ್ತೀರಿ, ಮಾಡಿದ್ದರಿಂದ ಗುಣ ಕಂಡಿತೇ. ಐಸಿಯುನಲ್ಲಿ ಬಿ.ಪಿ. ಇಳಿದ ರೋಗಿಯ ಹತ್ತಿರ ನಿಂತಾಗ ನೀವು ಎರಡೇ ನಿಮಿಷದಲ್ಲಿ ಮಾಡುವ ಯೋಚನೆ ಇದೇ. ಆದ್ದರಿಂದ ಪ್ರತಿ ಡ್ಯೂಟಿಯಲ್ಲೂ ಒಬ್ಬ ರೋಗಿಯನ್ನು ಆರಿಸಿ, ಮನೆಗೆ ಹೋಗುವ ಬಸ್ಸಿನಲ್ಲೋ ಮೆಟ್ರೊದಲ್ಲೋ ಆ ಆರು ಪ್ರಶ್ನೆಗಳನ್ನು ನಿಮಗೆ ನೀವೇ ಕನ್ನಡದಲ್ಲಿ ಕೇಳಿಕೊಳ್ಳಿ. ಇದಕ್ಕೆ ನಿಮ್ಮ ಒಂದು ಗಂಟೆಯಲ್ಲಿ ಒಂದು ನಿಮಿಷವೂ ಖರ್ಚಾಗುವುದಿಲ್ಲ, ಆದರೂ ಇದು ನಿಮ್ಮ ತಯಾರಿಯ ಅತ್ಯುತ್ತಮ ಭಾಗವಾಗುತ್ತದೆ. ಅಂಕಗಳ ವಿಷಯದಲ್ಲಿ ಒಂದು ಮಾತು ಗಮನದಲ್ಲಿರಲಿ. ಸರಿಯಾದವನ್ನೆಲ್ಲ ಆರಿಸಿ ಎನ್ನುವ ಪ್ರಶ್ನೆಗಳಲ್ಲಿ ಈಗ ಭಾಗಶಃ ಅಂಕ ಸಿಗುತ್ತದೆ. ಆದರೆ ತಪ್ಪು ಗುರುತು ಒಂದು ಅಂಕವನ್ನು ಕಳೆಯುತ್ತದೆ, ಒಟ್ಟು ಸೊನ್ನೆಗಿಂತ ಕೆಳಗಿಳಿಯದಷ್ಟೇ. ಖಚಿತವಿಲ್ಲದ್ದನ್ನು ‘ಇರಲಿ’ ಎಂದು ಗುರುತು ಹಾಕಬೇಡಿ.

ಕನ್ನಡ ಮಾಧ್ಯಮದ ಬಗ್ಗೆ ನೀವು ಸಂಕೋಚದಿಂದ ಬರೆದಿದ್ದೀರಿ. ಈ ಪರೀಕ್ಷೆಯಲ್ಲಿ ನೀವು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಾಗಿಲ್ಲ. ಪ್ರಶ್ನೆಯ ತಿರುವನ್ನು ಹಿಡಿಯಬೇಕು. ಮೊದಲು ಕೊನೆಯ ವಾಕ್ಯ ಓದಿ, ಏನು ಕೇಳಿದ್ದಾರೆಂದು ತಿಳಿಯಿರಿ. ಆಮೇಲೆ ಸಂದರ್ಭ ಓದಿ. ಆಯ್ಕೆಗಳನ್ನು ನೋಡುವ ಮುಂಚೆ ‘ಈ ರೋಗಿಗೆ ಏನಾಗುತ್ತಿದೆ?’ ಎಂದು ಕನ್ನಡದಲ್ಲೇ ಒಂದು ಸಾಲು ಹೇಳಿಕೊಳ್ಳಿ. ಫರ್ಸ್ಟ್, ಇನಿಷಿಯಲ್, ಪ್ರಯಾರಿಟಿ ಎಂಬ ಪದ ಇದ್ದರೆ ನಾಲ್ಕೂ ಆಯ್ಕೆ ಸರಿಯಿರಬಹುದು, ಕ್ರಮದಲ್ಲಿ ಮೊದಲನೆಯದು ಬೇಕು. ‘ನೀಡ್ಸ್ ಫರ್ದರ್ ಟೀಚಿಂಗ್’ ಎಂದಿದ್ದರೆ ರೋಗಿ ಹೇಳಿದ ತಪ್ಪು ಮಾತನ್ನು ಹುಡುಕಬೇಕು. ನನ್ನ ಬಳಿ ಓದಿದವರಲ್ಲಿ ಎಷ್ಟೋ ಜನ ವಿಷಯ ಗೊತ್ತಿದ್ದೂ ಸೋತದ್ದು ಈ ಎರಡನೆಯ ಬಗೆಯಲ್ಲಿ. 150 ಪ್ರಶ್ನೆ ಬಂದರೂ ಒಂದಕ್ಕೆ ಎರಡು ನಿಮಿಷ ಸಿಗುತ್ತದೆ. ನಿಧಾನವಾಗಿ ಓದುವವರಿಗೂ ಅದು ಸಾಕಾಗುತ್ತದೆ, ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಓದುವ ಅಭ್ಯಾಸವೊಂದನ್ನು ಬಿಟ್ಟರೆ.

ತಪ್ಪಾದ ಪ್ರಶ್ನೆಗಳಿಗೆ ಒಂದು ಸಣ್ಣ ಪುಸ್ತಕವಿಡಿ. ಪ್ರಶ್ನೆಯನ್ನು ಬರೆದುಕೊಳ್ಳುವುದು ವ್ಯರ್ಥ ಶ್ರಮ. ಏಕೆ ತಪ್ಪಿತು ಎಂದು ಒಂದೇ ಸಾಲು ಬರೆಯಿರಿ. ವಿಷಯ ಗೊತ್ತಿರಲಿಲ್ಲ, ಪ್ರಶ್ನೆ ತಪ್ಪಾಗಿ ಓದಿದೆ, ನಮ್ಮ ವಾರ್ಡಿನ ಅಭ್ಯಾಸವನ್ನು ಬರೆದೆ, ಎರಡು ಆಯ್ಕೆ ಉಳಿದಾಗ ಮನಸ್ಸು ಬದಲಿಸಿದೆ. ಬಹುಪಾಲು ತಪ್ಪುಗಳು ಈ ನಾಲ್ಕರಲ್ಲಿ ಒಂದಾಗಿರುತ್ತವೆ. ಮೂರನೆಯ ವಾರದ ಕೊನೆಗೆ ಪುಸ್ತಕ ತಿರುವಿದರೆ ನಿಮ್ಮ ತಪ್ಪಿನ ಸ್ವಭಾವ ಕಣ್ಣಿಗೆ ಕಾಣುತ್ತದೆ, ಅಲ್ಲಿಂದ ಮುಂದೆ ಏನು ಓದಬೇಕೆಂದು ನನಗಿಂತ ಆ ಪುಸ್ತಕವೇ ಚೆನ್ನಾಗಿ ಹೇಳುತ್ತದೆ. ಹೆರಿಗೆ, ಮಕ್ಕಳು ಮತ್ತು ಮಾನಸಿಕ ಆರೋಗ್ಯ ವಿಭಾಗಗಳಲ್ಲಿ ನಿಮ್ಮ ಕೈ ತಪ್ಪಿರುವುದು ಸಹಜ, ಓದುವ ದಿನಗಳ ಬಿಎಸ್ಸಿ ಪಠ್ಯವೇ ಅದಕ್ಕೆ ಸಾಕು. ನಾಲ್ಕರಿಂದ ಏಳನೆಯ ವಾರದವರೆಗೆ ವಾರದ ರಜೆಯ ನಾಲ್ಕು ಗಂಟೆಯಲ್ಲಿ ಎರಡನ್ನು ಇವಕ್ಕೆ ಕೊಡಿ. ಐಸೊಲೇಷನ್ ಮುನ್ನೆಚ್ಚರಿಕೆಗಳಿಗೆ ಒಂದು ಸಂಜೆ ಸಾಕು: ಕ್ಷಯ, ದಡಾರ, ಚಿಕನ್‌ಪಾಕ್ಸ್ ಗಾಳಿಯಿಂದ ಹರಡುವವು, ಭೇದಿ ತರುವ ಸಿ. ಡಿಫ್ ಸೋಂಕು ಇದ್ದರೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು. ಹೀಗೆ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ.

ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಪುಸ್ತಕ ಹಿಡಿಯಲೇಬೇಡಿ. ಮೊದಲು ನಿದ್ದೆ. ಓದಿದ್ದು ನೆನಪಿನಲ್ಲಿ ಊರುವುದು ನಿದ್ದೆಯಲ್ಲಿ, ನಿದ್ದೆಗೆಟ್ಟು ಓದಿದ ಗಂಟೆ ಲೆಕ್ಕಕ್ಕೆ ಮಾತ್ರ ಗಂಟೆ. ಮಧ್ಯಾಹ್ನ ಎದ್ದು, ಉಂಡು, ಮಗು ಮನೆಗೆ ಬರುವ ಮುಂಚೆ 15 ಪ್ರಶ್ನೆ ಮಾಡಿದರೆ ಆ ದಿನದ ಕೆಲಸವಾಯಿತು. ಮನೆಯವರಿಗೂ ಇದನ್ನು ಸ್ಪಷ್ಟವಾಗಿ ಹೇಳಿ: ಹತ್ತು ವಾರ, ದಿನಕ್ಕೊಂದು ಗಂಟೆ, ಆ ಒಂದು ಗಂಟೆ ಬಾಗಿಲು ಹಾಕಿರುತ್ತದೆ. ಗಡುವು ಇರುವ ಬೇಡಿಕೆಯನ್ನು ಮನೆಯವರು ಸಾಮಾನ್ಯವಾಗಿ ನಡೆಸಿಕೊಡುತ್ತಾರೆ.

ಎಂಟನೆಯ ವಾರದಿಂದ ಹೊಸ ಪಾಠ ನಿಲ್ಲಿಸಿ. ಎಂಟು ಮತ್ತು ಒಂಬತ್ತನೆಯ ವಾರದ ರಜೆಯ ದಿನ 85 ಪ್ರಶ್ನೆಗಳನ್ನು ಮಧ್ಯೆ ಏಳದೆ ಮಾಡಿ, ದೇಹಕ್ಕೆ ಅಷ್ಟು ಹೊತ್ತು ಕೂರುವ ರೂಢಿಯಾಗಲಿ. ಕೊನೆಯ ವಾರ ತಪ್ಪುಗಳ ಪುಸ್ತಕ ಮಾತ್ರ. ಪರೀಕ್ಷೆಯ ಹಿಂದಿನ ದಿನ ಅದೂ ಬೇಡ.

ಇಷ್ಟು ಓದಿನ ವಿಷಯ. ಆದರೆ ಇಂದೇ ಮಾಡಬೇಕಾದ ಕೆಲಸವೊಂದಿದೆ: ಅನುಮತಿ ಪತ್ರದಲ್ಲಿರುವ ಹೆಸರನ್ನು ಪಾಸ್‌ಪೋರ್ಟಿನ ಹೆಸರಿನೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ನಮ್ಮವರ ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿದ್ದು, ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು, ಮದುವೆಯ ನಂತರ ಗಂಡನ ಹೆಸರೂ ಸೇರಿ, ಒಬ್ಬರೇ ಮೂವರಾಗಿರುವುದು ಎಷ್ಟು ಸಾಮಾನ್ಯವೆಂದು ನಿಮಗೇ ಗೊತ್ತು. ಹೆಸರು ಹೊಂದದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಿನಿಂದಲೇ ವಾಪಸು ಕಳುಹಿಸುತ್ತಾರೆ, ಕಟ್ಟಿದ ಶುಲ್ಕವೂ ಹೋಗುತ್ತದೆ. ತಿದ್ದುಪಡಿಗೆ ವಾರಗಳೇ ಹಿಡಿಯಬಹುದಾದ್ದರಿಂದ ನಾಳೆಗೆ ಇಡಬೇಡಿ. ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲೇ ಇರುವುದರಿಂದ ನಿಮಗೆ ಪ್ರಯಾಣದ ತೊಂದರೆಯಿಲ್ಲ. ಹಿಂದಿನ ರಜೆಯ ದಿನ ಒಮ್ಮೆ ಅಲ್ಲಿಯವರೆಗೆ ಹೋಗಿ, ಆ ಹೊತ್ತಿನ ಟ್ರಾಫಿಕ್ ನೋಡಿ ಬನ್ನಿ.

ಪರೀಕ್ಷೆಯ ದಿನ ಎರಡು ಗಂಟೆಯ ನಂತರ ಮತ್ತು ಮೂರೂವರೆ ಗಂಟೆಯ ನಂತರ ವಿರಾಮ ಕೊಡುತ್ತಾರೆ. ಬೇಡವೆನ್ನಬಹುದು, ಆದರೆ ನೀವು ಬೇಡವೆನ್ನಬೇಡಿ. ವಿರಾಮದ ಸಮಯ ಐದು ಗಂಟೆಯೊಳಗೇ ಸೇರುತ್ತದೆ, ಆದರೂ ಎದ್ದು ನೀರು ಕುಡಿದು ಮುಖ ತೊಳೆದು ಬಂದ ಐದು ನಿಮಿಷ ಮುಂದಿನ ಒಂದು ಗಂಟೆಯ ಓದನ್ನು ಹಗುರ ಮಾಡುತ್ತದೆ. ಉತ್ತರಿಸಿ ಮುಂದೆ ಹೋದ ಮೇಲೆ ಹಿಂದಿನ ಪ್ರಶ್ನೆಗೆ ಮರಳಲಾಗದು. ಹಾಗಾಗಿ ಹೋದದ್ದನ್ನು ಅಲ್ಲೇ ಬಿಟ್ಟು ಎದುರಿನ ರೋಗಿಯನ್ನು ಮಾತ್ರ ನೋಡಿ. 85ಕ್ಕೆ ಪರದೆ ಆರದಿದ್ದರೆ ಎದೆಗುಂದದೆ 86ನೆಯದನ್ನು ಮೊದಲನೆಯದರಂತೆ ಓದಿ.

ಒಂದು ವೇಳೆ ಈ ಸಲ ಆಗದಿದ್ದರೆ 45 ದಿನಗಳ ನಂತರ ಮತ್ತೆ ಬರೆಯಲು ಅವಕಾಶವಿದೆ. ಆಗ ನಿಮಗೂ ವಿಭಾಗವಾರು ವರದಿ ಬರುತ್ತದೆ. ಅದರಲ್ಲಿ ಯಾವುದು ಮೇಲೆ, ಯಾವುದು ಹತ್ತಿರ, ಯಾವುದು ಕೆಳಗೆ ಎಂಬುದನ್ನೂ, ತಪ್ಪುಗಳ ಪುಸ್ತಕದಲ್ಲಿ ನಾಲ್ಕು ಬಗೆಯಲ್ಲಿ ಯಾವುದು ಹೆಚ್ಚಿದೆ ಎಂಬುದನ್ನೂ ಬರೆದು ಕಳುಹಿಸಿ. ಆ 45 ದಿನಗಳನ್ನು ಹೇಗೆ ಹಂಚಬೇಕೆಂದು ಆ ಎರಡನ್ನೂ ಮುಂದಿಟ್ಟುಕೊಂಡು ನಿಮಗೆ ಬರೆಯುತ್ತೇನೆ.